ಯಾರಿಗೆ ಯಾರ ಉತ್ತರ: ಪ್ರತಿಕ್ರಿಯೆಗಳ ವಿನ್ಯಾಸದಲ್ಲಿ ನನ್ನ ಅನುಭವ

ಚರ್ಚಾ ವೇದಿಕೆಯೊಂದರ ಪ್ರತಿಕ್ರಿಯೆ ವಿಭಾಗವನ್ನು ಮರುವಿನ್ಯಾಸಗೊಳಿಸುವ ಹೊಣೆ ನನ್ನ ಪಾಲಿಗೆ ಬಂದಾಗ, ನಾನು ಬಳಕೆದಾರರ ಪಕ್ಕದಲ್ಲಿ ಕುಳಿತು, ಉದ್ದನೆಯ ಚರ್ಚೆಯ ನಡುವಿನ ಒಂದು ಉತ್ತರವನ್ನು ತೋರಿಸಿ, ಇದು ಯಾರಿಗೆ ಹೇಳಿದ ಮಾತು ಎಂದು ಕೇಳುವುದರಿಂದ ಕೆಲಸ ಆರಂಭಿಸಿದೆ. ಹೆಚ್ಚಿನವರು ಮೂಲ ಮಾತನ್ನು ಹುಡುಕುತ್ತ ಪರದೆಯನ್ನು ಮೇಲಕ್ಕೆ ಸರಿಸುತ್ತಲೇ ಹೋದರು. ಅದು ಸಿಕ್ಕಿದ ಮೇಲೆ, ತಾವು ಓದುತ್ತಿದ್ದ ಜಾಗಕ್ಕೆ ಮರಳಲು ದಾರಿ ಕಾಣದೆ ತಡಕಾಡಿದರು. ಈ ಒಂದು ಪ್ರಶ್ನೆಗೆ ತಕ್ಷಣ ಉತ್ತರ ದೊರೆಯದಿದ್ದರೆ ಬಣ್ಣ, ಅಕ್ಷರ, ಚಿಹ್ನೆಗಳನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ ಎಂಬುದು ನನಗೆ ಅಲ್ಲಿಯೇ ಖಚಿತವಾಯಿತು.

ಅಲ್ಲಿದ್ದ ವ್ಯವಸ್ಥೆ ಉತ್ತರಕ್ಕೆ ಬಂದ ಉತ್ತರವನ್ನು ಪ್ರತಿ ಸಲವೂ ಸ್ವಲ್ಪ ಬಲಕ್ಕೆ ಸರಿಸಿ ತೋರಿಸುತ್ತಿತ್ತು. ದೊಡ್ಡ ಪರದೆಯಲ್ಲಿ ಇದು ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆದರೆ 360 ಪಿಕ್ಸೆಲ್ ಅಗಲದ ಮೊಬೈಲ್ ಪರದೆಯಲ್ಲಿ ಎರಡೂ ಬದಿಗೆ 16 ಪಿಕ್ಸೆಲ್ ಅಂಚು ಬಿಟ್ಟು, ಪ್ರತಿ ಹಂತಕ್ಕೆ 24 ಪಿಕ್ಸೆಲ್ ಒಳಸರಿಸಿದರೆ, ಎಂಟನೆಯ ಹಂತ ತಲುಪುವಷ್ಟರಲ್ಲಿ ಪಠ್ಯಕ್ಕೆ ಉಳಿಯುವುದು 136 ಪಿಕ್ಸೆಲ್ ಮಾತ್ರ. ಸಾಲಿಗೆ ಎರಡು ಮೂರು ಪದ ಹಿಡಿಸಿದರೆ ಹೆಚ್ಚು. ಅಷ್ಟೇ ಅಲ್ಲ, ಮೇಲಿನ ಮಾತು ಪರದೆಯಿಂದ ಆಚೆ ಸರಿದ ಮೇಲೆ ಒಳಸರಿಕೆಯನ್ನು ಹೋಲಿಸಿ ನೋಡಲು ಏನೂ ಉಳಿದಿರುವುದಿಲ್ಲವಾದ್ದರಿಂದ, ಈಗ ಓದುತ್ತಿರುವುದು ಐದನೆಯ ಹಂತವೋ ಆರನೆಯದೋ ಎಂದು ಕಣ್ಣಳತೆಯಿಂದ ಹೇಳುವುದು ಸಾಧ್ಯವೇ ಇಲ್ಲ.

ಯಾವ ಮಾತಿಗೆ ಯಾವ ಉತ್ತರ ಎಂಬ ಮಾಹಿತಿಗೇನೂ ಕೊರತೆಯಿರಲಿಲ್ಲ. 1982ರ ಇಮೇಲ್ ಮಾನದಂಡವಾದ ಆರ್‌ಎಫ್‌ಸಿ 822ರಲ್ಲಿಯೇ ಒಂದು ಸಂದೇಶ ಯಾವುದಕ್ಕೆ ಉತ್ತರ ಎಂದು ಗುರುತಿಸುವ ‘ಇನ್-ರಿಪ್ಲೈ-ಟು’ ಎಂಬ ಶೀರ್ಷಿಕೆಗೆ ಅವಕಾಶವಿತ್ತು. ನಮ್ಮ ದತ್ತಸಂಚಯದಲ್ಲಿಯೂ ಪ್ರತಿ ಉತ್ತರದ ಜೊತೆಗೆ ಅದರ ಮೂಲದ ಗುರುತುಸಂಖ್ಯೆ ಇದ್ದೇ ಇತ್ತು. ಅದನ್ನು ಮಾತಿನಲ್ಲಿ ಹೇಳದೆ, ಎಡಬದಿಯ ಖಾಲಿ ಜಾಗದಿಂದ ಊಹಿಸಿಕೊಳ್ಳುವಂತೆ ಮಾಡಿದ್ದೇ ತೊಡಕಾಗಿತ್ತು.

ಆದ್ದರಿಂದ ಒಳಸರಿಕೆಯನ್ನು ಎರಡೇ ಹಂತಕ್ಕೆ ನಿಲ್ಲಿಸಿದೆ. ಅದಕ್ಕಿಂತ ಆಳದ ಉತ್ತರಗಳೆಲ್ಲ ಕಾಲಾನುಕ್ರಮದಲ್ಲಿ ಒಂದೇ ಅಂಚಿಗೆ ಬರುತ್ತವೆ. ಪ್ರತಿಯೊಂದರ ನೆತ್ತಿಯ ಮೇಲೆ ಅದು ಯಾರಿಗೆ ಎಂಬ ಹೆಸರೂ ಮೂಲ ಮಾತಿನ ಮೊದಲ ಸಾಲೂ ಇರುತ್ತವೆ. ಆ ಸಾಲನ್ನು ಒತ್ತಿದರೆ ಪೂರ್ತಿ ಮಾತು ಅಲ್ಲಿಯೇ ತೆರೆದುಕೊಳ್ಳುತ್ತದೆ, ಓದುಗ ಇದ್ದ ಜಾಗ ಬಿಟ್ಟು ಕದಲಬೇಕಾಗಿಲ್ಲ. ಇದರಿಂದ ಒಂದು ನಷ್ಟವೂ ಇದೆ: ಬೇಡವಾದ ಉಪಶಾಖೆಯೊಂದನ್ನೇ ಮಡಚಿ ಮುಂದೆ ಹೋಗುವ ಅನುಕೂಲ ತಪ್ಪುತ್ತದೆ. ಮೊದಲ ಹಂತದ ಪ್ರತಿಕ್ರಿಯೆಯನ್ನು ಅದರ ಉತ್ತರಗಳ ಸಮೇತ ಮಡಚುವ ಸೌಲಭ್ಯವನ್ನು ಉಳಿಸಿಕೊಂಡೆ. ಹೆಚ್ಚಿನ ಚರ್ಚೆಗಳಿಗೆ ಅಷ್ಟು ಸಾಕಾಯಿತು.

ಬರೆಯುವವರ ಕಷ್ಟ ಇನ್ನೊಂದು ಬಗೆಯದು. ಉತ್ತರಿಸುವ ಪೆಟ್ಟಿಗೆ ಪುಟದ ಕೊನೆಯಲ್ಲಿದ್ದರೆ, ಅಲ್ಲಿಗೆ ತಲುಪುವಷ್ಟರಲ್ಲಿ ಯಾವ ಮಾತಿಗೆ ಉತ್ತರಿಸಬೇಕೆಂದುಕೊಂಡಿದ್ದೆವೋ ಅದು ಕಣ್ಮರೆಯಾಗಿರುತ್ತದೆ. ಪೆಟ್ಟಿಗೆಯನ್ನು ಆಯಾ ಮಾತಿನ ಕೆಳಗೇ ತೆರೆಯುವಂತೆ ಮಾಡಿ, ಕರಡನ್ನು ಮೂಲ ಮಾತಿನ ಗುರುತುಸಂಖ್ಯೆಯೊಡನೆ ಬ್ರೌಸರ್‌ನಲ್ಲಿಯೇ ಉಳಿಸುವ ವ್ಯವಸ್ಥೆ ಮಾಡಿದೆ. ಅರ್ಧ ಬರೆದು ಮತ್ತೊಬ್ಬರಿಗೆ ಉತ್ತರಿಸಲು ಹೋದರೂ ಎರಡು ಕರಡುಗಳೂ ತಂತಮ್ಮ ಜಾಗದಲ್ಲಿಯೇ ಇರುತ್ತವೆ. ಬರೆಯುತ್ತಿರುವಾಗ ಹೊಸ ಉತ್ತರಗಳು ಬಂದರೆ ಅವು ತಾವಾಗಿಯೇ ನುಗ್ಗಿ ಪೆಟ್ಟಿಗೆಯನ್ನು ಕೆಳಕ್ಕೆ ತಳ್ಳುವುದಿಲ್ಲ. ಎಷ್ಟು ಬಂದಿವೆ ಎಂದು ಸೂಚಿಸುವ ಗುಂಡಿಯೊಂದು ಕಾಣಿಸುತ್ತದೆ, ಒತ್ತಿದಾಗ ಮಾತ್ರ ತೆರೆಯುತ್ತವೆ. ಮೂಲ ಪ್ರತಿಕ್ರಿಯೆಯನ್ನು ಬರೆದವರೇ ಅಳಿಸಿದರೆ, ಅಳಿಸಲಾಗಿದೆ ಎಂಬ ಗುರುತು ಆ ಜಾಗದಲ್ಲಿ ಉಳಿಯಲೇಬೇಕು. ಇಲ್ಲದಿದ್ದರೆ ಅದರ ಕೆಳಗಿನ ಉತ್ತರಗಳು ಅನಾಥವಾಗುತ್ತವೆ.

ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರೊಬ್ಬರು ಗುಂಡಿಗಳ ಪಟ್ಟಿಯನ್ನು ತೆರೆದಾಗ ‘ಉತ್ತರಿಸಿ, ಉತ್ತರಿಸಿ, ಉತ್ತರಿಸಿ’ ಎಂಬುದಷ್ಟೇ ಕೇಳಿಸುತ್ತಿದ್ದುದು ನನ್ನನ್ನು ಬಹಳ ಕಾಡಿತು. ಕಣ್ಣಿಗೆ ಕಾಣುವ ಪದವನ್ನು ಹಾಗೆಯೇ ಮೊದಲಿಗಿಟ್ಟು, ಅದರ ಮುಂದೆ ಯಾರಿಗೆ ಎಂಬ ಹೆಸರನ್ನು ಅವರ ಸಾಧನಕ್ಕೆ ಕೇಳಿಸುವಂತೆ ಸೇರಿಸಿದೆ. ‘ಉತ್ತರಿಸಿ’ ಮತ್ತು ‘ದೂರು ನೀಡಿ’ ಗುಂಡಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಗವಿಕಲರೂ ಜಾಲತಾಣಗಳನ್ನು ಬಳಸುವಂತಾಗಲು ರೂಪಿಸಿದ ಮಾರ್ಗಸೂಚಿಯಾದ 2023ರ ಡಬ್ಲ್ಯುಸಿಎಜಿ 2.2 ಒತ್ತುವ ಜಾಗಕ್ಕೆ ಕನಿಷ್ಠ 24 ಪಿಕ್ಸೆಲ್ ಉದ್ದಗಲವನ್ನೋ ಅದಕ್ಕೆ ಸಮನಾದ ಅಂತರವನ್ನೋ ಕೇಳುತ್ತದೆ; ನಾನು 44 ಪಿಕ್ಸೆಲ್ ಇಟ್ಟು, ದೂರಿನ ಗುಂಡಿಯನ್ನು ಎದುರು ತುದಿಗೆ ಸರಿಸಿದೆ.

ಒಂದು ತೊಡಕು ಮಾತ್ರ ಪೂರ್ತಿ ಬಿಡಿಸಿಕೊಂಡಿಲ್ಲ. ಇಬ್ಬರ ಮಾತಿಗೆ ಒಂದೇ ಉತ್ತರ ಬರೆಯುವವರು ಸಾಕಷ್ಟು ಇದ್ದಾರೆ. ನಮ್ಮ ದತ್ತಸಂಚಯವೋ ಒಂದು ಉತ್ತರಕ್ಕೆ ಒಂದೇ ಮೂಲವನ್ನು ಒಪ್ಪುತ್ತದೆ. ಸದ್ಯಕ್ಕೆ, ಎರಡನೆಯವರ ವಾಕ್ಯವನ್ನು ಆಯ್ದು ಒತ್ತಿದರೆ ಅದು ಕೊಂಡಿಯ ಸಮೇತ ಉದ್ಧರಣೆಯಾಗಿ ಕರಡಿಗೆ ಸೇರುತ್ತದೆ, ಉತ್ತರ ಬಂದ ಸೂಚನೆ ಇಬ್ಬರಿಗೂ ಹೋಗುತ್ತದೆ.