ಹ್ಯಾಕ್ನಿಯ ಇಂಗ್ಲಿಷ್ ಹೇಗೆ ಹುಟ್ಟಿತು: ದಾಖಲಿಸಿ, ಅಳೆದು, ಎಣಿಸುವ ನನ್ನ ಕ್ರಮ

ಲಂಡನ್ನಿನ ಹ್ಯಾಕ್ನಿ ಕಡೆ ಬೆಳೆದ ಹುಡುಗರು ಆಡುವ ಇಂಗ್ಲಿಷಿಗೆ ಭಾಷಾವಿಜ್ಞಾನಿಗಳು ಕೊಟ್ಟ ಹೆಸರು ಮಲ್ಟಿಕಲ್ಚರಲ್ ಲಂಡನ್ ಇಂಗ್ಲಿಷ್, ಚಿಕ್ಕದಾಗಿ ಎಂಎಲ್‌ಇ. 2006ರ ಸುಮಾರಿಗೆ ಅಲ್ಲಿನ ಪತ್ರಿಕೆಗಳು ಇದನ್ನು ‘ಜಫೈಕನ್’ ಎಂದು ಕರೆದವು. ನಕಲಿ ಜಮೈಕನ್ ಎಂಬ ಅರ್ಥದಲ್ಲಿ. ಧ್ವನಿಮುದ್ರಣಗಳ ಮುಂದೆ ಕೂತು ಎಣಿಸಲು ತೊಡಗಿದರೆ ಆ ಹೆಸರು ನಿಲ್ಲುವುದಿಲ್ಲ. ಇದು ಇಂಗ್ಲಿಷನ್ನು ಹೆತ್ತವರಿಗಿಂತ ಹೆಚ್ಚಾಗಿ ಜೊತೆಗಾರರಿಂದ ಕಲಿತ ಮಕ್ಕಳು ತಾವೇ ಕಟ್ಟಿಕೊಂಡ ನುಡಿ. ಇಷ್ಟನ್ನು ಪುರಾವೆಯೊಡನೆ ತೋರಿಸಲು ನಾನು ಅನುಸರಿಸುವ ಕ್ರಮ ಇದು.

ಮೊದಲ ಪ್ರಶ್ನೆ ಯಾರನ್ನು ಯಾರೊಡನೆ ಹೋಲಿಸಬೇಕು ಎಂಬುದು. ಜೆನ್ನಿ ಚೆಶೈರ್, ಪಾಲ್ ಕೆರ್ಸ್‌ವಿಲ್, ಸೂ ಫಾಕ್ಸ್, ಐವಿಂಡ್ ಟೊರ್ಗರ್ಸನ್ ಎಂಬ ಭಾಷಾವಿಜ್ಞಾನಿಗಳ ತಂಡ 2004ರಿಂದ 2007ರವರೆಗೆ ಹ್ಯಾಕ್ನಿಯನ್ನು ಹೊರ ಲಂಡನ್ನಿನ ಹೇವರಿಂಗ್ ಜೊತೆ ಹೋಲಿಸಿತು. ಈ ಆಯ್ಕೆಯಲ್ಲೇ ಅರ್ಧ ಉತ್ತರವಿದೆ. ಎರಡನೇ ಮಹಾಯುದ್ಧದ ನಂತರ ಈಸ್ಟ್ ಎಂಡಿನ, ಅಂದರೆ ಪೂರ್ವ ಲಂಡನ್ನಿನ, ಕಾಕ್ನಿ ಎಂಬ ಹಳೆಯ ಆಡುಮಾತಿನ ಎಷ್ಟೋ ಕುಟುಂಬಗಳು ಹೇವರಿಂಗ್‌ನ ಹೊಸ ಬಡಾವಣೆಗಳಿಗೆ ಹೋದವು, ಅವರೊಡನೆ ಹಳೆಯ ಮಾತೂ ಹೋಯಿತು. ಹ್ಯಾಕ್ನಿಗೆ 1948ರ ನಂತರ ಕೆರಿಬಿಯನ್ನಿನವರು, ಆಮೇಲೆ ಬಾಂಗ್ಲಾದೇಶ, ಟರ್ಕಿ, ನೈಜೀರಿಯಾ, ಘಾನಾ, ವಿಯೆಟ್ನಾಮಿನವರು ಬಂದರು. ಒಂದೇ ಬೇರಿನ ಮಾತು, ಎರಡು ನೆಲ.

2007ರಿಂದ 2010ರವರೆಗೆ ನಡೆದ ಎರಡನೇ ಅಧ್ಯಯನ ವಯಸ್ಸನ್ನು ಹೋಳು ಮಾಡಿತು: 4–5, 8–9, 12–13, 16–19 ವರ್ಷದವರು, ಜೊತೆಗೆ ಇಪ್ಪತ್ತೈದರ ಆಸುಪಾಸಿನವರು ಮತ್ತು ನಲವತ್ತು ದಾಟಿದವರು. ನನ್ನ ಚೌಕಟ್ಟು ಇಂದಿಗೂ ಇದೇ. ಹದಿಹರೆಯದವರನ್ನಷ್ಟೇ ದಾಖಲಿಸಿದರೆ ಇಂಥದ್ದೊಂದು ಮಾತು ಇದೆ ಎಂದು ಹೇಳಬಹುದು, ಹೇಗೆ ಹುಟ್ಟುತ್ತದೆ ಎಂದು ಹೇಳಲಾಗದು. ಅದಕ್ಕೆ ಪುಟ್ಟ ಮಕ್ಕಳು ಬೇಕು, ಅವರನ್ನು ಸಾಕುವವರ ಧ್ವನಿಯೂ ಬೇಕು. ತಾಯಿಯ ಸ್ವರಗಳೊಡನೆ ಮಗುವಿನ ಸ್ವರಗಳನ್ನು ಇಟ್ಟು ನೋಡದೆ ‘ಮನೆಯಿಂದ ಬಂದದ್ದಲ್ಲ’ ಎಂದು ಬರೆಯುವ ಹಕ್ಕು ನಮಗಿಲ್ಲ.

ಮಾತನಾಡುವವರನ್ನು ಮನೆತನದ ಮೂಲದಿಂದ ಮಾತ್ರ ವಿಂಗಡಿಸಿದರೆ ಫಲಿತಾಂಶ ಕೆಡುತ್ತದೆ. ನಾನು ಆಪ್ತ ಗೆಳೆಯರ ಪಟ್ಟಿ ಕೇಳಿ, ಆ ಬಳಗ ಎಷ್ಟು ಬೆರಕೆ ಎಂಬುದಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತೇನೆ. ಹ್ಯಾಕ್ನಿಯ ಬಿಳಿ ಹುಡುಗರಲ್ಲೇ ಬೆರಕೆ ಬಳಗದವರು ಹೊಸ ರೂಪಗಳನ್ನು ಹೆಚ್ಚು ಬಳಸುತ್ತಾರೆ, ತಮ್ಮವರೊಡನೆಯೇ ಓಡಾಡುವವರು ಕಡಿಮೆ. ಗೆಳೆತನದ ಅಂಕಣವಿಲ್ಲದ ಕೋಷ್ಟಕದಲ್ಲಿ ಈ ವ್ಯತ್ಯಾಸ ಸರಾಸರಿಯೊಳಗೆ ಕರಗಿಹೋಗುತ್ತದೆ.

ಧ್ವನಿಮುದ್ರಣದ ಮಾತು ಬೇಗ ಮುಗಿಸುತ್ತೇನೆ. 44.1 ಕಿಲೋಹರ್ಟ್ಸ್, 16 ಬಿಟ್, ವೇವ್ ಕಡತ, ಎಂಪಿ3 ಬೇಡ. ಒಬ್ಬೊಬ್ಬರಿಗೂ ಪ್ರತ್ಯೇಕ ಕಾಲರ್ ಮೈಕ್, ಪ್ರತ್ಯೇಕ ಚಾನೆಲ್. ಒಬ್ಬರನ್ನೇ ಕೂರಿಸಬೇಡಿ, ಗೆಳೆಯರಿಬ್ಬರು ಎದುರುಬದುರಾದರೆ ಸ್ವಲ್ಪ ಹೊತ್ತಿನಲ್ಲೇ ನಿಮ್ಮನ್ನು ಮರೆಯುತ್ತಾರೆ. 16 ತುಂಬದವರಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕೇ ಬೇಕು. ಈಲಾನ್ ತಂತ್ರಾಂಶದಲ್ಲಿ ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಎಂಟರಿಂದ ಹತ್ತು ಗಂಟೆ ಹಿಡಿಯುತ್ತದೆ. ಇಬ್ಬರೂ ಒಟ್ಟಿಗೆ ಮಾತನಾಡುವ ಕಡೆ ಇನ್ನೂ ಹೆಚ್ಚು.

ಇನ್ನು ಕಿವಿಯ ವಿಚಾರ. ಕನ್ನಡ ಕಿವಿಯವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ‘ದಿಸ್’, ‘ದಟ್’ ಎಂಬಲ್ಲಿ ನಾಲಿಗೆಯ ತುದಿ ಹಲ್ಲಿಗೆ ಪೂರ್ತಿ ಒತ್ತಿ ಗಾಳಿಯನ್ನು ತಡೆದರೆ ಅದು ಎಂಎಲ್‌ಇ ರೂಪ. ಗಾಳಿ ಉಜ್ಜಿಕೊಂಡು ಹೊರಬಂದರೆ ಹಳೆಯ ರೂಪ. ನಮಗೆ ಎರಡೂ ‘ದ’ ಎಂದೇ ಕೇಳಿಸುತ್ತವೆ, ಏಕೆಂದರೆ ನಮ್ಮ ಇಂಗ್ಲಿಷಿನಲ್ಲಿ ನಾವು ಬಳಸುವುದೇ ತಡೆದ ‘ದ’. ಹಾಗಾಗಿ ಈ ಧ್ವನಿಯನ್ನು ಕಿವಿಯಿಂದಲೇ ಗುರುತು ಹಾಕುವುದಿಲ್ಲ. ಧ್ವನಿ ಅಳೆಯುವ ತಂತ್ರಾಂಶವಾದ ಪ್ರಾಟ್‌ನಲ್ಲಿ ಸ್ಪೆಕ್ಟ್ರೋಗ್ರಾಂ (ಧ್ವನಿಯ ಆವರ್ತನಗಳ ಚಿತ್ರ) ತೆರೆದು, ಮೇಲ್ಮಿತಿಯನ್ನು 8000 ಹರ್ಟ್ಸ್‌ಗೆ ಏರಿಸಿ ನೋಡಿದರೆ, ತಡೆದ ಧ್ವನಿಯಲ್ಲಿ ಖಾಲಿ ಜಾಗವೂ ಅದರ ಕೊನೆಗೆ ಲಂಬವಾದ ಸ್ಫೋಟದ ಗೆರೆಯೂ ಇರುತ್ತವೆ. ಉಜ್ಜಿದ ಧ್ವನಿಯಲ್ಲಿ ಮಸುಕಾದ ಮಬ್ಬು ಕಡಿಯದೆ ಸಾಗುತ್ತದೆ. ‘ಇನ್ ದ’, ‘ಆಲ್ ದ’ ಇಂಥವನ್ನು ಎಣಿಕೆಯಿಂದ ಬಿಡಿ. ಹಿಂದಿನ ವ್ಯಂಜನ ಎಲ್ಲರ ಬಾಯಲ್ಲೂ ಅದನ್ನು ಬದಲಿಸುತ್ತದೆ. ‘ದ’ ಎಂಬ ಉಪಪದ ಸಾವಿರಾರು ಸಲ ಬರುವುದರಿಂದ ಒಬ್ಬೊಬ್ಬರಲ್ಲಿ ಅದಕ್ಕೆ ಮಿತಿ ಹಾಕದಿದ್ದರೆ ಇಡೀ ಲೆಕ್ಕ ಅದೊಂದರದ್ದೇ ಆಗುತ್ತದೆ.

ಹಕಾರದ ಕಥೆ ಇದಕ್ಕೆ ತದ್ವಿರುದ್ಧ. ಹಾಲನ್ನು ‘ಆಲು’ ಎನ್ನುವವರನ್ನು ನಾವು ಅಳೆಯುವ ಹಾಗೆಯೇ ಇಂಗ್ಲೆಂಡಿನವರು ‘ಹೌಸ್’ ಅನ್ನು ‘ಔಸ್’ ಎನ್ನುವ ಕಾಕ್ನಿಯನ್ನು ಅಳೆದರು. ನಮ್ಮ ಕಿವಿ ಇದಕ್ಕೆ ಚೆನ್ನಾಗಿ ಪಳಗಿದೆ. ಹ್ಯಾಕ್ನಿಯ ಹೊಸ ತಲೆಮಾರು ಈ ಹಕಾರವನ್ನು ಉಳಿಸಿಕೊಳ್ಳುತ್ತದೆ. ಆದರೆ ‘ಹಿಮ್’, ‘ಹರ್’, ‘ಹ್ಯಾವ್’ ಒತ್ತಿಲ್ಲದೆ ಬಂದಾಗ ಯಾರ ಬಾಯಲ್ಲೂ ಹಕಾರ ಬೀಳುತ್ತದೆ. ಸರ್ವನಾಮ, ಸಹಾಯಕ ಕ್ರಿಯಾಪದಗಳನ್ನು ಪಕ್ಕಕ್ಕಿಟ್ಟು ‘ಹೋಮ್’, ‘ಹಂಡ್ರೆಡ್’ನಂಥ ಒತ್ತುಳ್ಳ ಪದಗಳನ್ನಷ್ಟೇ ಎಣಿಸಬೇಕು.

ಸ್ವರಗಳಿಗೆ ಪ್ರಾಟ್‌ನಲ್ಲಿ ಫಾರ್ಮೆಂಟ್ ಅಳತೆ. ಫಾರ್ಮೆಂಟ್ ಎಂದರೆ ಬಾಯಿ, ಗಂಟಲಿನ ಆಕಾರದಿಂದ ಬಲಗೊಳ್ಳುವ ಆವರ್ತನ. ಐದು ಫಾರ್ಮೆಂಟ್, ಮೇಲ್ಮಿತಿ ಗಂಡಸರಿಗೆ 5000 ಹರ್ಟ್ಸ್, ಹೆಂಗಸರಿಗೆ 5500. ಪುಟ್ಟ ಮಕ್ಕಳಿಗೆ ಅದಕ್ಕೂ ಮೇಲೆ. ಮಕ್ಕಳಲ್ಲಿ ಯಂತ್ರ ಕೊಡುವ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡಿ: ಧ್ವನಿ ಎತ್ತರವಾಗಿದ್ದಾಗ ಹಾರ್ಮೋನಿಕ್ (ಧ್ವನಿಯ ಮೂಲ ಆವರ್ತನದ ಗುಣಕ) ಗೆರೆಯನ್ನೇ ಫಾರ್ಮೆಂಟ್ ಎಂದು ಹಿಡಿದುಬಿಡುತ್ತದೆ. ‘ಫೇಸ್’ ಪದದ ಸ್ವರವನ್ನು ಅದರ ಅವಧಿಯ 20 ಮತ್ತು 80 ಶೇಕಡಾ ಬಿಂದುಗಳಲ್ಲಿ ಅಳೆಯುತ್ತೇನೆ. ಕಾಕ್ನಿಯಲ್ಲಿ ಅದು ‘ಫೈಸ್’ಗೆ ಹತ್ತಿರ, ಎರಡು ಬಿಂದುಗಳ ನಡುವೆ ದೂರ ಹೆಚ್ಚು. ಎಂಎಲ್‌ಇಯಲ್ಲಿ ದೂರ ಕಿರಿದು, ಹೆಚ್ಚುಕಡಿಮೆ ನಮ್ಮ ‘ಏ’. ‘ಗೋಟ್’ ನಮ್ಮ ‘ಓ’ ಕಡೆ ಸರಿಯುತ್ತದೆ. ‘ಗೂಸ್’ನ ‘ಊ’ ನಾಲಿಗೆಯ ಮುಂಭಾಗಕ್ಕೆ ಓಡಿಬಂದಿದೆ, ಅಂದರೆ ಎರಡನೇ ಫಾರ್ಮೆಂಟ್ ಏರಿದೆ. ಇಲ್ಲಿ ‘ಸ್ಕೂಲ್’ನಂತೆ ಲಕಾರಕ್ಕೆ ಮುಂಚೆ ಬರುವವನ್ನೂ, ‘ಯೂ’ನಂತೆ ಯಕಾರದ ನಂತರ ಬರುವವನ್ನೂ ಬೇರೆ ಮಾಡಲೇಬೇಕು. ಲಕಾರ ಸ್ವರವನ್ನು ಹಿಂದಕ್ಕೆ, ಯಕಾರ ಮುಂದಕ್ಕೆ ಎಳೆಯುತ್ತದೆ. ಬೆರೆಸಿದರೆ ಸರಾಸರಿಗೆ ಅರ್ಥವಿಲ್ಲ. ಕೊನೆಗೆ ಲೊಬಾನೊವ್ ವಿಧಾನದಲ್ಲಿ, ಅಂದರೆ ಒಬ್ಬೊಬ್ಬರ ಅಂಕಿಗಳನ್ನು ಅವರವರ ಸರಾಸರಿಗೂ ಹರಡಿಕೆಗೂ ತಕ್ಕಂತೆ ಸಮಗೊಳಿಸಿ ಹೋಲಿಸುತ್ತೇನೆ, ಇಲ್ಲದಿದ್ದರೆ ಕಾಣುವುದು ಗಂಟಲಿನ ಉದ್ದದ ವ್ಯತ್ಯಾಸವೇ ಹೊರತು ಉಪಭಾಷೆಯದಲ್ಲ.

ವ್ಯಾಕರಣ ಎಣಿಸುವಾಗ ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಹಾಕಿಕೊಟ್ಟ ನಿಯಮ ಒಂದೇ: ಬಂದದ್ದನ್ನಷ್ಟೇ ಅಲ್ಲ, ಬರಬಹುದಿದ್ದೂ ಬಾರದ್ದನ್ನೂ ಎಣಿಸಬೇಕು. ‘ಆ್ಯನ್ ಆ್ಯಪಲ್’ ಬದಲು ‘ಎ ಆ್ಯಪಲ್’ ಹತ್ತು ಸಲ ಸಿಕ್ಕಿತೆಂದರೆ ಏನೂ ಹೇಳಿದಂತಾಗುವುದಿಲ್ಲ. ಸ್ವರದಿಂದ ಶುರುವಾಗುವ ಪದದ ಹಿಂದೆ ಒಟ್ಟು ಎಷ್ಟು ಉಪಪದ ಬಂತು, ಅದರಲ್ಲಿ ‘ಆ್ಯನ್’ ಎಷ್ಟು, ‘ಎ’ ಎಷ್ಟು ಎಂಬುದು ಬೇಕು. ಪ್ರತಿ ಲಕ್ಷಣಕ್ಕೂ ಒಬ್ಬರಿಂದ ಕನಿಷ್ಠ 30 ಉದಾಹರಣೆ ಸಿಗದಿದ್ದರೆ ಅವರ ಶೇಕಡಾವಾರನ್ನು ನಾನು ಬರೆಯುವುದಿಲ್ಲ. ಅಂಕಿಅಂಶದ ಮಾದರಿಯಲ್ಲಿ ಮಾತನಾಡುವವರನ್ನೂ ಪದವನ್ನೂ ಯಾದೃಚ್ಛಿಕ ಅಂಶಗಳಾಗಿ, ಅಂದರೆ ಒಬ್ಬೊಬ್ಬರ, ಒಂದೊಂದು ಪದದ ಸ್ವಂತ ಒಲವಿಗೆ ಜಾಗ ಬಿಟ್ಟು, ಸೇರಿಸುವುದು ಕಡ್ಡಾಯ. ಇಲ್ಲದಿದ್ದರೆ ಒಬ್ಬ ವಾಚಾಳಿ ಹುಡುಗ ಇಡೀ ಬಡಾವಣೆಯ ಪ್ರತಿನಿಧಿಯಾಗಿಬಿಡುತ್ತಾನೆ.

ಈಗ ಮೂಲದ ಪ್ರಶ್ನೆ. ಭಾಷಾವಿಜ್ಞಾನಿ ಸಾಲಿಕೊಕೊ ಮುಫ್ವೆನೆ ಅವರ ‘ಲಕ್ಷಣಗಳ ಕೊಳ’ ಎಂಬ ಕಲ್ಪನೆ ಇಲ್ಲಿ ನೆರವಿಗೆ ಬರುತ್ತದೆ. ಹಲವು ಭಾಷೆಗಳ ರೂಪಗಳು ಒಂದೇ ಕೊಳಕ್ಕೆ ಬೀಳುತ್ತವೆ, ಮಕ್ಕಳು ಅದರಿಂದ ಆರಿಸುತ್ತಾರೆ. ಒಂದಕ್ಕಿಂತ ಹೆಚ್ಚು ಭಾಷೆಗಳು ಬೆಂಬಲಿಸುವ ರೂಪ ಗೆಲ್ಲುವ ಸಾಧ್ಯತೆ ಹೆಚ್ಚು. ತಡೆದ ‘ದ’ ಜಮೈಕಾದ ಬೆರಕೆ ನುಡಿಯಾದ ಜಮೈಕನ್ ಕ್ರಿಯೋಲಿನಲ್ಲಿದೆ, ಬಂಗಾಳಿ ಮಾತೃಭಾಷೆಯವರ ಇಂಗ್ಲಿಷಿನಲ್ಲಿದೆ, ನೈಜೀರಿಯಾದವರ ಇಂಗ್ಲಿಷಿನಲ್ಲಿಯೂ ಇದೆ. ಅದನ್ನು ಒಂದೇ ಮನೆಗೆ ಜಮೆ ಮಾಡಲಾಗದು. ಮುಂದೆ ಬಂದ ‘ಊ’ ವಲಸಿಗರದ್ದೇ ಅಲ್ಲ; ದಕ್ಷಿಣ ಇಂಗ್ಲೆಂಡಿನಲ್ಲಿ ಮೊದಲೇ ನಡೆದಿದ್ದ ಬದಲಾವಣೆಯನ್ನು ಹ್ಯಾಕ್ನಿ ಇನ್ನಷ್ಟು ದೂರ ಒಯ್ದಿದೆ. ಇನ್ನು ‘ದಿಸ್ ಈಸ್ ಮೀ’ ಎಂದು ಹೇಳಿ ತಾನಾಡಿದ ಮಾತನ್ನು ಉದ್ಧರಿಸುವ ರೂಪಕ್ಕೆ ಅಲ್ಲಿನ ಯಾವ ಭಾಷೆಯಲ್ಲೂ ಸಿದ್ಧ ಅಚ್ಚು ಕಾಣುವುದಿಲ್ಲ. ನನ್ನ ಮಟ್ಟಿಗೆ ‘ನಕಲಿ ಜಮೈಕನ್’ ವಾದವನ್ನು ಮುರಿಯುವ ಸಾಕ್ಷ್ಯ ಈ ಎರಡು. ‘ಬ್ಲಡ್’ (ಗೆಳೆಯ), ‘ವಾಗ್ವಾನ್’ (ಏನು ಸಮಾಚಾರ) ಇಂಥ ಪದಗಳು ಜಮೈಕಾದಿಂದ ಬಂದವು, ನಿಜ, ಪದಗಳು ಕಣ್ಣಿಗೆ ಬೇಗ ಬೀಳುವುದರಿಂದಲೇ ಪತ್ರಿಕೆಗಳು ಅಷ್ಟಕ್ಕೆ ನಿಂತವು.

ಎಲ್ಲ ವಲಸೆ ಬಡಾವಣೆಗಳಲ್ಲೂ ಹೀಗಾಗುವುದಿಲ್ಲ. ಪಶ್ಚಿಮ ಲಂಡನ್ನಿನ ಸೌತಾಲ್‌ನಲ್ಲಿ ಪಂಜಾಬಿ ಸಮುದಾಯ ದೊಡ್ಡದು. ಅಲ್ಲಿ ಹುಟ್ಟಿಬೆಳೆದವರ ಇಂಗ್ಲಿಷಿನಲ್ಲಿ ನಾಲಿಗೆ ಮಡಿಚಿ ಆಡುವ ಟಕಾರ ಉಳಿದಿರುವುದನ್ನು ದೇವಯಾನಿ ಶರ್ಮಾ ಮತ್ತು ಅವರ ಸಹೋದ್ಯೋಗಿಗಳ ಅಧ್ಯಯನಗಳು ತೋರಿಸಿವೆ. ಹ್ಯಾಕ್ನಿಯಲ್ಲಿ ಯಾವುದೇ ಒಂದು ಭಾಷೆಯ ಕೈ ಮೇಲಿರಲಿಲ್ಲ. ಆದ್ದರಿಂದ ಹೊಸ ಊರಿನಲ್ಲಿ ಇಂಥ ಅಧ್ಯಯನಕ್ಕೆ ಹೊರಡುವವರು ಮೈಕ್ ಕೊಳ್ಳುವ ಮೊದಲು ಅಲ್ಲಿನ ಶಾಲೆಗಳಲ್ಲಿ ಎಷ್ಟು ಮನೆಭಾಷೆಗಳಿವೆ, ಅವುಗಳಲ್ಲಿ ಯಾವುದಾದರೂ ಒಂದು ಅರ್ಧಕ್ಕಿಂತ ಹೆಚ್ಚು ಮಕ್ಕಳದ್ದೇ ಎಂಬುದನ್ನು ನೋಡಿಕೊಳ್ಳಿ. ಹೌದಾದರೆ ಹ್ಯಾಕ್ನಿಯ ಮಾದರಿ ಬಿಟ್ಟು ಸೌತಾಲ್‌ನದನ್ನು ಹಿಡಿಯಿರಿ: ಗೆಳೆಯರ ಅಂಕಕ್ಕಿಂತ ತಲೆಮಾರಿನ ಅಂಕಣಕ್ಕೆ, ಅದೇ ವ್ಯಕ್ತಿ ಮನೆಯಲ್ಲಿ ಹೇಗೆ, ಕೆಲಸದಲ್ಲಿ ಹೇಗೆ ಮಾತನಾಡುತ್ತಾನೆ ಎಂಬುದರ ಧ್ವನಿಮುದ್ರಣಕ್ಕೆ ಹೆಚ್ಚು ಗಂಟೆ ಮೀಸಲಿಡಬೇಕಾಗುತ್ತದೆ.