ಮಾಯಾ ಚೆಂಡಾಟದ ಕೆತ್ತನೆಯಲ್ಲಿ ಅರಸನ ಅಧಿಕಾರ ಓದುವ ಬಗೆ

ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ಚೆಂಡಾಟದ ಕೆತ್ತನೆ ಎದುರಾದರೆ ಮೊದಲು ಚೆಂಡನ್ನು ನೋಡಿ. ಆಟಗಾರರ ಗರಿ, ಒಡವೆ, ಮುಖ ಆಮೇಲೆ. ಚೆಂಡಿನೊಳಗೆ ಏನಾದರೂ ಕೆತ್ತಿದೆಯೇ? ಮೆಕ್ಸಿಕೊದ ಮಾಯಾ ನಗರ ಚಿಚೆನ್ ಇಟ್ಜಾದಲ್ಲಿ ತಲೆಬುರುಡೆ ಇದೆ. ಅಲ್ಲಿಯದೇ ಇನ್ನೊಂದು ನಗರ ಯಾಶ್‌ಚಿಲಾನ್‌ನಲ್ಲಿ ಕಟ್ಟಿಹಾಕಿದ ಇಡೀ ಮನುಷ್ಯನೇ ಇದ್ದಾನೆ.

ನಾನು ಫೋಟೊ ಪಕ್ಕದಲ್ಲಿಟ್ಟುಕೊಂಡು ಪೆನ್ಸಿಲಿನಲ್ಲಿ ಗೆರೆಗಳನ್ನು ನಕಲು ಮಾಡುತ್ತೇನೆ. ಸವೆದ ಕಲ್ಲಿನ ಗರಿಗಳ ಗೋಜಲಿನಲ್ಲಿ ಸೆರೆಯಾಳಿನ ಕೈಕಾಲು ಹಾಗೆಯೇ ನೋಡಿದರೆ ಸಿಗುವುದಿಲ್ಲ, ಗೆರೆ ಹಿಡಿದು ಹೋದರೆ ಸಿಗುತ್ತದೆ.

ಆಮೇಲೆ ಸೊಂಟ. ಗಟ್ಟಿ ರಬ್ಬರಿನ ಭಾರದ ಚೆಂಡನ್ನು ಸೊಂಟದಿಂದ ಹೊಡೆಯುತ್ತಿದ್ದರು, ಅದಕ್ಕೇ ದಪ್ಪ ಪಟ್ಟಿ. ಪಟ್ಟಿಯ ಜೊತೆಗೆ ಆಳೆತ್ತರದ ಗರಿಕಿರೀಟವೂ ಇದ್ದರೆ ಶಿಲ್ಪಿ ತೋರಿಸುತ್ತಿರುವುದು ಪಂದ್ಯಕ್ಕಿಂತ ಹೆಚ್ಚಾಗಿ ಪದವಿಯನ್ನು.

ಮೂರನೆಯದು ಜಾಗ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಯಾಶ್‌ಚಿಲಾನ್‌ನ ಆ ಕಲ್ಲು ಇರುವುದು ಆಟದ ಅಂಕಣದಲ್ಲಲ್ಲ, 33ನೇ ಕಟ್ಟಡದ ಮೆಟ್ಟಿಲಲ್ಲಿ. ಸೆರೆಯಾಳಿರುವ ಚೆಂಡು ಕೆತ್ತನೆಯಲ್ಲೂ ಮೆಟ್ಟಿಲಿಳಿದು ಬರುತ್ತಿದೆ. ಎದುರಿಗಿರುವವನು ಆ ನಗರದ ಅರಸ ನಾಲ್ಕನೆಯ ಬರ್ಡ್ ಜಾಗ್ವಾರ್. ತಂದೆ ಸತ್ತದ್ದು ಕ್ರಿ.ಶ. 742ರಲ್ಲಿ, ಇವನು ಪಟ್ಟಕ್ಕೆ ಬಂದದ್ದು 752ರಲ್ಲಿ. ನಡುವೆ ಹತ್ತು ವರ್ಷ. ಅಕ್ಕಪಕ್ಕದ ಕಲ್ಲುಗಳಲ್ಲಿ ತಂದೆಯೂ ಅಜ್ಜನೂ ಚೆಂಡಾಡುತ್ತಿದ್ದಾರೆ. ಸಿಂಹಾಸನದ ಹಕ್ಕು ಪ್ರಶ್ನೆಗೆ ಬಂದಿದ್ದವನೊಬ್ಬ ತನ್ನ ವಂಶಾವಳಿಯನ್ನೇ ಮೆಟ್ಟಿಲಿಗೆ ಹಾಕಿಸಿದ್ದಾನೆ ಎಂದೇ ನಾನು ಓದುತ್ತೇನೆ. ಹಾಗಾಗಿ ಒಂದೇ ಕಲ್ಲಿನ ಚಿತ್ರ ಸಿಕ್ಕಿದರೆ ಸಾಲಿನ ಉಳಿದವನ್ನೂ ಹುಡುಕಿ.

ಚಿಚೆನ್ ಇಟ್ಜಾದ ದೊಡ್ಡ ಅಂಕಣ ಸುಮಾರು 168 ಮೀಟರ್ ಉದ್ದ. ಅಲ್ಲಿ ಎರಡೂ ಕಡೆ ಏಳೇಳು ಆಟಗಾರರು. ತಲೆ ಹೋದವನು ಮಂಡಿಯೂರಿದ್ದಾನೆ, ಅವನ ಕುತ್ತಿಗೆಯಿಂದ ರಕ್ತ ಹಾವುಗಳಾಗಿ ಚಿಮ್ಮುತ್ತದೆ, ಜೊತೆಗೆ ಹೂಬಿಟ್ಟ ಬಳ್ಳಿ. ಆ ಬಳ್ಳಿಯನ್ನು ಬಿಟ್ಟು ಬರೀ ಕೊಲೆಯನ್ನು ನೋಡಬೇಡಿ, ಬಲಿಯಿಂದ ಬೆಳೆ ಚಿಗುರುತ್ತದೆ ಎಂಬ ನಂಬಿಕೆ ಅಲ್ಲೇ ಇದೆ. ತಲೆ ಹೋದದ್ದು ಸೋತವನದೋ ಗೆದ್ದವನದೋ ಎಂದು ಆ ಕೆತ್ತನೆ ಹೇಳುವುದಿಲ್ಲ. ಯಾರಾದರೂ ಖಚಿತವಾಗಿ ಹೇಳಿದರೆ ಆಧಾರ ಕೇಳಿ.

ಕೊನೆಗೆ ಪಕ್ಕದ ರಾಜ್ಯದ ಶಾಸನವನ್ನೂ ಜೊತೆಗಿಟ್ಟು ನೋಡಿ. ಇನ್ನೊಂದು ಮಾಯಾ ರಾಜ್ಯ ಕೊಪಾನ್‌ನ ಅರಸ ವಾಶಕ್ಲಾಹೂನ್ ಉಬಾಹ್ ಕವೀಲ್ 738ರ ಆರಂಭದಲ್ಲಿ ಗಿಳಿತಲೆಯ ಶಿಲ್ಪಗಳಿರುವ ಭವ್ಯ ಅಂಕಣವನ್ನು ಪ್ರತಿಷ್ಠಾಪಿಸಿದ. ಕೆಲವೇ ತಿಂಗಳಲ್ಲಿ, ಅವನ ಅಧೀನದಲ್ಲಿದ್ದ ಕಿರಿಗ್ವಾದ ಅರಸನೇ ಅವನ ತಲೆ ಕಡಿಸಿದ. ಕೊಪಾನ್‌ನ ಅಂಕಣವೊಂದನ್ನೇ ನೋಡಿದವರಿಗೆ ಇದು ಗೊತ್ತಾಗುವುದಿಲ್ಲ, ಕಿರಿಗ್ವಾದ ಶಾಸನ ಓದಿದರೆ ಗೊತ್ತಾಗುತ್ತದೆ.