ರೇಷ್ಮೆ ಹುಳುವಿನ ಹಿಕ್ಕೆ, ಬನ್ನೂರು ಕುರಿ ಹಿಕ್ಕೆ: ಕೈತೋಟಕ್ಕೆ ಮಾಗಿಸಿಕೊಳ್ಳುವುದು ಹೇಗೆ?

ಮದ್ದೂರು, ಮಳವಳ್ಳಿ ಕಡೆ ರೇಷ್ಮೆ ಸಾಕುವ ಊರುಗಳಲ್ಲಿ ಒಂದು ಬೆಳೆ ಮುಗಿದರೆ ಹುಳು ಮನೆಯಿಂದ ಮೂಟೆಗಟ್ಟಲೆ ಹಿಕ್ಕೆ, ಕಸ ಹೊರಬರುತ್ತದೆ. ಮಂಡ್ಯ, ಮೈಸೂರಿನ ಪೇಟೆಯಲ್ಲಿ ಕೈತೋಟ ಮಾಡುವವರು ಮಾತ್ರ ದುಡ್ಡು ಕೊಟ್ಟು ಪ್ಯಾಕೆಟ್ ಗೊಬ್ಬರ ತರುತ್ತಾರೆ. ಪಕ್ಕದಲ್ಲೇ ಸಿಗುವ ಇಂಥ ಸತ್ವದ ಗೊಬ್ಬರವನ್ನು ಬಿಡಬಾರದು. ಆದರೆ ಹಸಿಯಾಗಿ ಹಾಕಲೂಬಾರದು.

ಈ ಹುಳು ತಿನ್ನುವುದು ಹಿಪ್ಪುನೇರಳೆ ಸೊಪ್ಪು ಮಾತ್ರ. ನಾಲ್ಕನೇ ಜ್ವರದಿಂದ (ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲೆ, ಕೊನೆಯ ಒಂದು ವಾರದಲ್ಲಿ, ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ 80 ಪರ್ಸೆಂಟಿನಷ್ಟನ್ನು ಅದೇ ಮುಗಿಸುತ್ತದೆ. ಹಿಕ್ಕೆ ಜಾಸ್ತಿ ಬೀಳುವುದೂ ಆಗಲೇ. ಹಾಗಾಗಿ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಡುವ ಹೊತ್ತಿಗೆ ಹೋಗಿ ಕೇಳಿ. ಹುಳುವಿನ ಹಾಸಿಗೆಗೆ ಸುಣ್ಣದ ಪುಡಿ ಎಷ್ಟು ಉದುರಿಸಿದ್ದರು ಎಂದೂ ವಿಚಾರಿಸಿ. ನಿಮ್ಮದು ನಾಲೆ ಬಯಲಿನ ಚೌಳು ಮಣ್ಣಾಗಿದ್ದರೆ ಸುಣ್ಣ ಬೆರೆತ ಹಿಕ್ಕೆ ಬೇಡ.

ಹಸಿ ಹಿಕ್ಕೆ ಯಾಕೆ ಬೇಡ? ಬುಡಕ್ಕೆ ಹಾಕಿದರೆ ಅದು ಅಲ್ಲೇ ಕೊಳೆಯುತ್ತಾ ಬಿಸಿಯಾಗುತ್ತದೆ, ಎಳೆ ಬೇರು ಸುಡುತ್ತದೆ. ಇನ್ನೊಂದು ಕಾರಣ ರೈತರಿಗೆ ಸಂಬಂಧಿಸಿದ್ದು. ಹಾಲು ರೋಗ ಹತ್ತಿದ ಹುಳುವಿನ ಹಿಕ್ಕೆ, ಕಸದಲ್ಲಿ ಆ ರೋಗದ ವೈರಸ್ ಇರುತ್ತದೆ. ರೇಷ್ಮೆ ಹುಳುವನ್ನು ತಿಂದು ಬೆಳೆಯುವ ಉಜಿ ನೊಣದ ಮರಿಗಳೂ ಕಸದಲ್ಲಿ, ಮಣ್ಣಿನಲ್ಲಿ ಸೇರಿಕೊಂಡು ಕೋಶವಾಗುತ್ತವೆ. ಹುಳು ಮನೆ ಇರುವ ಊರಿನಲ್ಲಿ ಹಸಿ ಹಿಕ್ಕೆ ಎರಚಿದರೆ ಪಕ್ಕದವರ ಮುಂದಿನ ಬೆಳೆಗೇ ಕುತ್ತು ಅಲ್ವಾ?

ಮಾಗಿಸುವ ಕೆಲಸ ಹೀಗೆ. ನೆರಳಿರುವ, ನೀರು ನಿಲ್ಲದ ಜಾಗದಲ್ಲಿ ಒಣ ಎಲೆಯನ್ನು ಒಂದು ಗೇಣು ದಪ್ಪ ಹರಡಿ. ಮೇಲೆ ನಾಲ್ಕು ಬೆರಳು ಹಿಕ್ಕೆ, ಅದರ ಮೇಲೆ ಸಗಣಿ ಬಗ್ಗಡ. ಹೀಗೇ ಪದರ ಕಟ್ಟುತ್ತಾ ಮೂರು ಅಡಿ ಎತ್ತರಕ್ಕೆ ತನ್ನಿ. ಉದ್ದ, ಅಗಲವೂ ಅಷ್ಟೇ ಇರಲಿ. ಗುಡ್ಡೆ ಚಿಕ್ಕದಾದರೆ ಕಾವು ಏರುವುದಿಲ್ಲ, ರೋಗಾಣು ಸಾಯುವುದಿಲ್ಲ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಆಮೇಲೆ ಮಣ್ಣು ಮೆತ್ತಿ ಅಥವಾ ಟಾರ್ಪಾಲು ಹೊದಿಸಿ ಅಂಚಿಗೆ ಕಲ್ಲು ಹೇರಿ. ನಾಲ್ಕೈದು ದಿನಕ್ಕೆ ಒಳಗೆ ಕೈ ಇಡಲಾಗದಷ್ಟು ಕಾವು ಬಂದಿರಬೇಕು. ಬರದಿದ್ದರೆ ಸಗಣಿ ಬಗ್ಗಡ ಇನ್ನಷ್ಟು ಹಾಕಿ. ಗಬ್ಬು ನಾತ ಹೊಡೆದರೆ ನೀರು ಜಾಸ್ತಿಯಾಗಿದೆ, ಒಣ ಎಲೆ ಸೇರಿಸಿ. ಹದಿನೈದು ದಿನಕ್ಕೊಮ್ಮೆ ಹೊರಗಿನದು ಒಳಗೆ ಹೋಗುವಂತೆ ಮಗುಚಿ.

ಮಗುಚುವಾಗ ಬೆಳ್ಳಗೆ, ದಪ್ಪಗೆ, ಸುರುಳಿ ಸುತ್ತಿಕೊಂಡ ಹುಳು ಸಿಕ್ಕರೆ ಆರಿಸಿ ಕೋಳಿಗೆ ಹಾಕಿ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಮೊಟ್ಟೆ ಇಡುವುದು ತಿಪ್ಪೆಯಲ್ಲೇ. ಮನೆ ಮುಂದೆ ತೆಂಗಿನ ಮರ ಇದ್ದವರು ಇದನ್ನು ಸುಮ್ನೆ ಬಿಡಬೇಡಿ.

ಎರಡು ಮೂರು ತಿಂಗಳಿಗೆ ಗೊಬ್ಬರ ಕಪ್ಪಗಾಗಿ, ಪುಡಿಪುಡಿಯಾಗಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಅನುಮಾನ ಇದ್ದರೆ ಒಂದು ಕುಂಡದಲ್ಲಿ ಅದನ್ನು ಅರ್ಧ ಮಣ್ಣಿನ ಜೊತೆ ಬೆರೆಸಿ ರಾಗಿ ಚೆಲ್ಲಿ. ಪೈರು ಹಸಿರಾಗಿ ಎದ್ದರೆ ಗೊಬ್ಬರ ಮಾಗಿದೆ. ತುದಿ ಸುಟ್ಟಂತಾದರೆ ಇನ್ನೂ ಕಾಯಿರಿ.

ಕುರಿ ಹಿಕ್ಕೆಯನ್ನೂ ಇದೇ ಗುಡ್ಡೆಗೆ ಸೇರಿಸಬಹುದು. ಬನ್ನೂರು ಕುರಿ ನಮ್ಮದೇ ತಳಿ, ಹಿಕ್ಕೆಗೇನೂ ಬರವಿಲ್ಲ. ಸಾಧಾರಣ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ 0.5 ಪರ್ಸೆಂಟಿನಷ್ಟಿದ್ದರೆ ಕುರಿ ಗೊಬ್ಬರದಲ್ಲಿ 3ರ ಹತ್ತಿರ ಇರುತ್ತದೆ. ಕಾಳು ಗಟ್ಟಿ ಇರುವುದರಿಂದ ಮೊದಲು ಕುಟ್ಟಿ ನೆನೆಸಿ. ಕೋಳಿ ಗೊಬ್ಬರ ಇನ್ನೂ ಖಾರ. ಹತ್ತು ಪುಟ್ಟಿಗೆ ಒಂದು ಪುಟ್ಟಿ ಸಾಕು. ನಾಯಿ, ಬೆಕ್ಕಿನ ಮಲ ಮಾತ್ರ ಖಂಡಿತ ಬೇಡ. ಅದರಲ್ಲಿರುವ ಹುಳು, ರೋಗಾಣು ಮನುಷ್ಯರಿಗೂ ಹತ್ತುತ್ತವೆ.

ಹೊಸ ಕುಂಡಕ್ಕೆ ಮೂರು ಪಾಲು ಮಣ್ಣಿಗೆ ಒಂದು ಪಾಲು ಮಾಗಿದ ಗೊಬ್ಬರ. ಈರನಗೆರೆ ಬದನೆ, ಟೊಮೆಟೊ ನೆಟ್ಟವರು ಹೂ ಕಚ್ಚುವ ಹೊತ್ತಿಗೆ ಬುಡದಿಂದ ಒಂದು ಗೇಣು ದೂರದಲ್ಲಿ ಎರಡು ಹಿಡಿ ಹಾಕಿ ಮಣ್ಣು ಮುಚ್ಚಿ. ಮೈಸೂರು ಮಲ್ಲಿಗೆಗೆ ಸವರಿದ ಮೇಲೆ ಕೊಡಿ, ಚಿಗುರು ಚೆನ್ನಾಗಿ ಒಡೆಯುತ್ತದೆ. ಹಸಿಯಾಗಿ ಕಚ್ಚಿ ತಿನ್ನುವ ಮೂಲಂಗಿ, ಕ್ಯಾರೆಟ್, ಕೊತ್ತಂಬರಿ ಮಡಿಗೆ ಗೊಬ್ಬರವನ್ನು ಬಿತ್ತುವ ಮುಂಚೆಯೇ ಬೆರೆಸಿ. ಬೆಳೆ ಎದ್ದ ಮೇಲೆ ಮೇಲಿಂದ ಉದುರಿಸಬೇಡಿ. ಅಮೆರಿಕದ ಸಾವಯವ ನಿಯಮದಲ್ಲಿ ಮಣ್ಣಿಗೆ ತಾಗುವ ತರಕಾರಿಗೆ ಹಸಿ ಗೊಬ್ಬರ ಹಾಕಿದರೆ ಕೊಯ್ಲಿಗೆ ಮುಂಚೆ 120 ದಿನ ಬಿಡಲೇಬೇಕು. ಜಡಿ ಮಳೆಯ ವಾರದಲ್ಲಿ ಹಾಕಿದರೆ ಸಾರವೆಲ್ಲ ಚರಂಡಿಗೆ. ಒಂದು ಮಳೆ ಬಿದ್ದು ನೆಲ ಹದವಾದ ಮೇಲೆ, ಸಂಜೆ ಹೊತ್ತು ಹಾಕಿ ತೆಳ್ಳಗೆ ನೀರು ಚಿಮುಕಿಸಿ.